ಅಡ್ಡಗೆರೆ ಬಿದ್ದ ವಾಕ್ಯ

ಸ್ಟಾಕ್‌ಹೋಮಿನ ಆ ಸರ್ಕಾರಿ ಕಚೇರಿಗೆ ಯಾರು ಬೇಕಾದರೂ ಬಂದು ಕಡತ ಕೇಳಬಹುದು. ನೀನು ಯಾರು, ಯಾಕೆ ಬೇಕು ಎಂದು ಮಾತ್ರ ಅಧಿಕಾರಿ ಕೇಳುವಂತಿಲ್ಲ. ಹೊಸದಾಗಿ ಸೇರಿದವರಿಗೆಲ್ಲ ಈ ನಿಯಮವನ್ನು ಅರೆದು ಕುಡಿಸಿದವಳೇ ಸೋಲ್ವೆಯ್.

ಬೆಳಗಿನ ಕಾಫಿಯ ಹೊತ್ತಿಗೆ ಬಂದ ಹೆಂಗಸು ಉತ್ತರದ ಗ್ರಾನ್‌ಮೋ ಊರಿನ ಕಾರ್ಖಾನೆಯ ವರದಿಯ ಪೂರ್ತಿ ಕಡತ ಕೇಳಿದಳು. ಗಾಳಿಯಂತ್ರಕ್ಕೆ ರೆಕ್ಕೆ ಮಾಡುವ ಕಾರ್ಖಾನೆ ಅದು. ಚುನಾವಣೆಗೆ ಮೂರು ವಾರ ಇದ್ದಾಗ ಸರ್ಕಾರ ಅದಕ್ಕೆ ನೆರವು ಕೊಟ್ಟು, ದೇಶದ ಬೆಳವಣಿಗೆ ಇನ್ನು ಉತ್ತರದಿಂದಲೇ ಎಂದು ಡಂಗುರ ಹೊಡೆದಿತ್ತು. ಎರಡೇ ವರ್ಷದಲ್ಲಿ ಕಾರ್ಖಾನೆ ಬಾಗಿಲು ಹಾಕಿತು.

ಸೋಲ್ವೆಯ್ ಬಾಯಿ ತಪ್ಪಿ ಕೇಳಿಯೇಬಿಟ್ಟಳು.

"ಗ್ರಾನ್‌ಮೋದವಳಾ ನೀನು?"

"ಅದನ್ನ ನೀನು ಕೇಳೋ ಹಾಗಿಲ್ವಲ್ಲ," ಎಂದಳು ಹೆಂಗಸು. ಈ ದೇಶದಲ್ಲಿ ಮಂತ್ರಿಗೂ ಏಕವಚನವೇ. "ಕೇಳ್ದೆ ಅಂದ್ಮೇಲೆ ಏನೋ ಇದೆ."

ಇತ್ತು. ನೆರವಿಗೆ ಮುಂಚೆ ತಾನೇ ತಯಾರಿಸಿದ ಆ ವರದಿಯ ಮೊದಲ ಕರಡಿನಲ್ಲಿ ಸೋಲ್ವೆಯ್ ಬರೆದಿದ್ದಳು: ರೆಕ್ಕೆ ಕೊಳ್ಳುವ ಕಂಪನಿ ಒಂದೇ, ಅದು ಕೈಬಿಟ್ಟರೆ ಊರೇ ಕುಸಿಯುತ್ತದೆ. ಈ ವಾಕ್ಯ ಈಗಲೇ ಬೇಕಾ ಎಂದು ಮಂತ್ರಿಯ ಸಲಹೆಗಾರ ನಗುತ್ತಾ ಕೇಳಿದ್ದ, ಅಷ್ಟೇ. ಗದರಲಿಲ್ಲ, ಬೆದರಿಸಲಿಲ್ಲ. ಇವಳೇ ಪೆನ್ಸಿಲ್ ಎತ್ತಿಕೊಂಡು ಅದಕ್ಕೆ ಅಡ್ಡಗೆರೆ ಎಳೆದಿದ್ದಳು. ಅಂದಿನಿಂದ ಆ ಹಾಳೆ ಅವಳ ಮೇಜಿನ ಖಾನೆಯಲ್ಲಿತ್ತು. ಕಡತಕ್ಕೆ ಸೇರದ ಕರಡನ್ನು ಯಾರಿಗೂ ತೋರಿಸಬೇಕಿಲ್ಲ. ಕಡತದಲ್ಲಿ ಬೇರೇನೂ ಇಲ್ಲ ಎಂದರೆ ಅದು ಸುಳ್ಳೂ ಆಗುತ್ತಿರಲಿಲ್ಲ. ಕೊಟ್ಟರೆ ನಾಳೆ ಪತ್ರಿಕೆಯಲ್ಲಿ ಅವಳ ಮಾನ ಹರಾಜು.

ನಾಚಿಕೆಗೇಡು ಎಂದು ತನ್ನನ್ನೇ ಬೈದುಕೊಂಡು ಹಾಳೆ ತೆಗೆದಳು. ಆ ದಿನದ ಮೊಹರು ಒತ್ತಿ ಕಡತಕ್ಕೆ ಸೇರಿಸಿ, ಹೆಂಗಸಿನ ಮುಂದಿಟ್ಟಳು.

ಹೆಂಗಸು ಎರಡು ಸಲ ಓದಿದಳು. ಗೆರೆ ಎಳೆದದ್ದು ಯಾರೆಂದು ಕೇಳಿದಳು.

"ನಾನೇ. ಯಾರೂ ಒತ್ತಾಯ ಮಾಡ್ಲಿಲ್ಲ."

ಬೈಗುಳಕ್ಕೆ ಸೋಲ್ವೆಯ್ ಸಿದ್ಧಳಾಗಿ ನಿಂತಿದ್ದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ನಮ್ಮಣ್ಣ ಈ ಸರ್ಕಾರಕ್ಕೆ ವೋಟ್ ಬೇಡ ಅಂದಿದ್ದ," ಎಂದಳು ಹೆಂಗಸು ಮೆಲ್ಲಗೆ. "ವರದಿ ಓದಿದೀನಿ, ಏನೂ ತೊಂದ್ರೆ ಇಲ್ಲ, ಇವ್ರಿಗೇ ವೋಟ್ ಹಾಕು ಅಂತ ನಾನೇ ಕರ್ಕೊಂಡು ಹೋಗಿದ್ದೆ. ಕಾರ್ಖಾನೇಲಿದ್ದ ಕೆಲ್ಸ ಹೋದಾಗಿಂದ ಅವ್ನು ನನ್ ಹತ್ರ ಮಾತಾಡ್ತಿಲ್ಲ. ಓದೋಕೂ ಬರದ ಪೆದ್ದಿ ನಾನು ಅಂತ ಇಷ್ಟು ದಿನ ಅನ್ಕೊಂಡಿದ್ದೆ."