ಮೊದಲ ಸುತ್ತು

ಲೇಥ್ ಓಡಿಸುವ ಮುನ್ನ, ತುಂಡನ್ನು ಕಚ್ಚಿ ಹಿಡಿಯುವ ಅದರ ಚಕ್ಕನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ನೋಡುವುದು ಕಬ್ಬಿಣ ಕೊರೆದು ಬದುಕುವವರ ಅಭ್ಯಾಸ. ಹಿಡಿದ ತುಂಡು ಉಳಿಗೆ ತಾಗುತ್ತದೆಯೋ ಇಲ್ಲವೋ ಆಗಲೇ ತಿಳಿಯುತ್ತದೆ. ನೋಡದೆ ಗುಂಡಿ ಒತ್ತಿದವನ ಬೆರಳು ಹೋಗಬಹುದು, ಕಣ್ಣೂ ಹೋಗಬಹುದು. ಕಂಪ್ಯೂಟರ್ ಪರದೆಯ ಮೇಲಿನ ಲೇಥಿಗೆ ಮಾತ್ರ ಯಾರ ಬೆರಳಿನ ಭಯವೂ ಇಲ್ಲ. ಅಲ್ಲಿಯೂ ಒಬ್ಬರು ಪ್ರತಿ ಸಲ ಚಕ್ಕನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸುತ್ತಾರೆಂದರೆ ಅದಕ್ಕೆ ಕಾರಣವಿರಲೇಬೇಕು ಎಂದು ಸಂಮೇದನಿಗೆ ಅನ್ನಿಸಿತು.

ಸಾಂಗಲಿಯ ಬುಧಗಾಂವ ರಸ್ತೆಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಅವನು ಅಧ್ಯಾಪಕ. ಕಾಲೇಜು ಹಳೆಯ ವರ್ಕ್‌ಶಾಪಿನ ಅರ್ಧ ಯಂತ್ರಗಳನ್ನು ಮಾರಿ, ಆ ಜಾಗಕ್ಕೆ ಎಸಿ ಹಾಕಿಸಿ, ಕಂಪ್ಯೂಟರುಗಳನ್ನು ಸಾಲಾಗಿ ಇಡಿಸಿತ್ತು. ವಿದ್ಯಾರ್ಥಿಗಳು ಪರದೆಯ ಮೇಲೆ ಬಿಡಿಭಾಗದ ನಕ್ಷೆ ಬರೆದು, ಪರದೆಯ ಯಂತ್ರದಲ್ಲೇ ಕೊರೆದು ತೋರಿಸಬೇಕು. ಮನೆಯಲ್ಲಿ ಕಂಪ್ಯೂಟರ್ ಇದ್ದವರು ಅಲ್ಲೇ ಮಾಡಿ ಪೆನ್‌ಡ್ರೈವಿನಲ್ಲಿ ತರಬಹುದು. ಒತ್ತಿದ ಒಂದೊಂದು ಗುಂಡಿಯೂ ಅದರಲ್ಲಿ ದಾಖಲಾಗಿರುತ್ತಿತ್ತು. ಎಣ್ಣೆಯ ವಾಸನೆಯಿಲ್ಲದ, ಚೂರು ಬೀಳದ ಈ ಕಾರ್ಖಾನೆಯನ್ನು ಸಂಮೇದ ಮೊದಲಿನಿಂದಲೂ ನಂಬಿರಲಿಲ್ಲ. ಕೆಲಸ ಯಾರದೆಂದು ಅಂಗೈ ನೋಡಿ ಹೇಳುವಂತಿರಲಿಲ್ಲ. ಹಾಗಾಗಿ ಬೇರೆಯವರ ಕೈ ತಾಗಿದರೆ ವರ್ಷವೇ ಹೋಯಿತೆಂದು ತರಗತಿಯಲ್ಲಿ ತಾಕೀತು ಮಾಡಿದ್ದ.

ಆ ಸುತ್ತು ಕಂಡದ್ದು ಮಯೂರಿಯ ಕೆಲಸದಲ್ಲಿ. ಮಿರಜಿನ ಕೂಲಿಯ ಮನೆಯ ಹುಡುಗಿ. ನಕ್ಷೆ ಅಚ್ಚುಕಟ್ಟು, ಅಳತೆ ಕರಾರುವಾಕ್ಕು, ಆದರೆ ಪ್ರತಿಯೊಂದರ ಆರಂಭದಲ್ಲೂ ಆ ಸುತ್ತು. ಅದನ್ನು ಅವನು ಕಲಿಸಿರಲಿಲ್ಲ. ಅವಳ ಅಣ್ಣ ಭೂಷಣ ಕುಪವಾಡದ ಶೆಡ್ಡೊಂದರಲ್ಲಿ ಲೇಥ್ ನಡೆಸುತ್ತಾನೆ ಎಂದು ತಿಳಿದಾಗ, ಕೆಲಸ ಅವನದೇ ಎಂಬ ಲೆಕ್ಕ ತಾಳೆಯಾಯಿತು.

ಅವಳನ್ನು ಲ್ಯಾಬಿಗೆ ಕರೆಸಿ, ತನ್ನೆದುರೇ ಬುಷ್ ಎಂಬ ಸಣ್ಣ ಕೊಳವೆಯೊಂದನ್ನು ಕೊರೆಯಲು ಹೇಳಿದ. ಅವಳು ಚೆನ್ನಾಗಿಯೇ ಕೊರೆದಳು. ಆದರೆ ಸುತ್ತು ತಿರುಗಿಸದೆ, ನೇರವಾಗಿ ಯಂತ್ರ ಓಡಿಸಿದಳು.

“ಮನ್ಯಾಗ ನಿನ್ನ ಬಾಜೂಕ ಯಾರ ಕುಂದರತಾರ?”

ಮಯೂರಿಯ ಕೈ ಮೌಸಿನ ಮೇಲೇ ನಿಂತಿತು. “ನಾಹೀ ಸರ್, ಯಾರೂ ಇಲ್ರಿ.”

ಸುಳ್ಳು ಎಂದು ಅವಳ ಕೆಂಪೇರಿದ ಕಿವಿಯ ತುದಿಯೇ ಹೇಳುತ್ತಿತ್ತು. ವಿಭಾಗದ ಮುಖ್ಯಸ್ಥ ಬಾಪೂಸಾಹೇಬರಿಗೆ ಸಂಮೇದ ವಿಷಯ ತಿಳಿಸಿದ. ಸೋಮವಾರದೊಳಗೆ ಖಾತ್ರಿ ಮಾಡು, ಇಲ್ಲವಾದರೆ ಅವಳ ವರ್ಷ ರದ್ದು ಮಾಡೋಣ ಎಂದರು ಅವರು.

ಭಾನುವಾರ ತನ್ನ ತಂಗಿಯನ್ನು ರೈಲು ಹತ್ತಿಸಲು ಮಿರಜಿಗೆ ಹೋದವನು ಹಾಗೇ ಮಯೂರಿಯ ಮನೆ ಹುಡುಕಿಕೊಂಡು ನಡೆದ. ಮುಂದಿನ ಕೋಣೆಯಲ್ಲೇ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್, ಅದರ ನೆತ್ತಿಗೆ ಕುಂಕುಮದ ಬೊಟ್ಟು. ತಾಯಿ ಅಂಜನಾಬಾಯಿ ಅವನ ಹೆಸರು ಕೇಳಿ ಜೈನರೆಂದು ತಿಳಿದು, ನೀರನ್ನು ಬಟ್ಟೆಯಲ್ಲಿ ಸೋಸಿ ತಂದುಕೊಟ್ಟಳು. ಭೂಷಣ ಶಿಫ್ಟ್ ಮುಗಿಸಿ ಬಂದು ಗೋಡೆಗೊರಗಿದ್ದ.

“ಒಂದು ತುಂಡು ಕೊರದು ತೋರಸಪಾ,” ಎಂದ ಸಂಮೇದ, ಮೌಸನ್ನು ಅವನತ್ತ ಸರಿಸಿ.

ಭೂಷಣ ನಕ್ಕ. “ನನಗ ಕೈಗೆ ಬಿಸಿ ಹತ್ತಿದ್ರ ಕೆಲಸ ತಿಳೀತೈತ್ರಿ. ಇದು ಟಿವಿ ಆತು.” ಆದರೂ ಹಿಡಿದ. ಬಾಣದ ಗುರುತು ಪರದೆಯ ಮೂಲೆಗೆ ಹೋಗಿ ಸಿಕ್ಕಿಕೊಂಡಿತು. ಒಳ್ಳೆಯ ನಟನೆ ಎಂದುಕೊಂಡ ಸಂಮೇದ, ಮಯೂರಿಗೆ ಶುರು ಮಾಡಲು ಹೇಳಿದ.

ಅವಳು ತುಂಡು ಹಿಡಿಸಿ, ಉಳಿ ಹೂಡಿ, ಸುಮ್ಮನೆ ಕುಳಿತಳು. ಅಡುಗೆಮನೆಯತ್ತ ಒಮ್ಮೆ, ಅವನತ್ತ ಒಮ್ಮೆ ನೋಡಿದಳು. ಅಣ್ಣನ ಸನ್ನೆಗೆ ಕಾಯುತ್ತಿದ್ದಾಳೆಂದು ಸಂಮೇದ ಭೂಷಣನ ಮೇಲೆ ಕಣ್ಣಿಟ್ಟ. ಅಷ್ಟರಲ್ಲಿ ಅಂಜನಾಬಾಯಿ ಸೆರಗಿಗೆ ಕೈ ಒರೆಸುತ್ತ ಬಂದು, ಮಗಳ ಹೆಗಲ ಮೇಲಿಂದ ಬಾಗಿ ಒಂದು ಕೀಲಿ ಒತ್ತಿದಳು. ಚಕ್ಕು ನಿಧಾನವಾಗಿ ಒಂದು ಸುತ್ತು ತಿರುಗಿ ನಿಂತಿತು. ಅವಳು ಆ ಬೆರಳನ್ನು ಹಣೆಗೆ ಮುಟ್ಟಿಸಿಕೊಂಡಳು.

“ಹೂಂ, ಈಗ ಮಾಡವಾ.”

ಸಂಮೇದನ ಕಣ್ಣು ಭೂಷಣನಿಂದ ಅವಳ ಬೆರಳಿಗೆ ಹೊರಳಿತು. ಅಂಜನಾಬಾಯಿ ಇರುಸುಮುರುಸುಗೊಂಡು ವಿವರಿಸತೊಡಗಿದಳು. ಬೀಸುವ ಕಲ್ಲಿನ ಮೊದಲ ಸುತ್ತು ಅತ್ತೆಯದಾಗಿತ್ತು. ಅತ್ತೆ ಹೋದ ಮೇಲೆ ತನ್ನದು. ಕಲ್ಲು ಹೋಗಿ ಹೊಲಿಗೆ ಯಂತ್ರ ಬಂದಾಗಲೂ ಗಾಲಿಯನ್ನು ಮೊದಲು ತಿರುಗಿಸಿದವಳು ತಾನೇ. ಮನೆಗೆ ಬಂದ ಯಂತ್ರ ಮನೆಯ ಹಿರಿ ಹೆಂಗಸಿನ ಕೈಯಿಲ್ಲದೆ ತಿರುಗಬಾರದು. ಯಾವ ಕೀಲಿ ಎಂದು ಮಗಳೇ ತೋರಿಸಿದ್ದಳು. “ಒಂದ ಸುತ್ತರಿ. ಮುಂದಿಂದೆಲ್ಲಾ ಅಕೀದ.”

ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಸಂಮೇದ ಮಯೂರಿಯನ್ನು ಕೇಳಿದ, “ಅವತ್ತ ಯಾಕ ಹೇಳಲಿಲ್ಲ?”

“ಬ್ಯಾರೆ ಕೈ ತಾಗಿದ್ರ ವರ್ಷ ಹೋತು ಅಂದಿದ್ರಿ ಸರ್. ತಾಗಿತ್ತಲ್ರಿ.”

ಬಸ್ಸಿನಲ್ಲಿ ಅವನಿಗೆ ಅದೇ ಮಾತು ಚುಚ್ಚುತ್ತಿತ್ತು. ಅವನ ನಿಯಮದ ಪ್ರಕಾರ ಹುಡುಗಿ ತಪ್ಪಿತಸ್ಥೆ. ಅವನ ಅನುಮಾನವೂ ಪೂರ್ತಿ ಸುಳ್ಳಾಗಿರಲಿಲ್ಲ. ಮೂವರೂ ಸೇರಿ ಹೂಡಿದ ಆಟವೇ ಇದು ಎಂಬ ಸಂಶಯ ಸಾಂಗಲಿ ಬರುವವರೆಗೂ ಒಂದೆರಡು ಸಲ ತಲೆಯೆತ್ತಿತು. ಹೇಳದೆ ಹೋದವನ ಮುಂದೆ ಯಾರು ಆಟ ಹೂಡುತ್ತಾರೆ ಎಂದು ಅದನ್ನು ತಾನೇ ಕೂರಿಸಿದ.

ಸೋಮವಾರ ಅವನು ಬಾಪೂಸಾಹೇಬರಿಗೆ ಎಲ್ಲವನ್ನೂ ಹೇಳಿದ. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಅವಳ ತಾಯಿ ಯಾವ ಕಾಲೇಜಿನ ಇಂಜಿನಿಯರ್ ಎಂದು ಕುಟುಕಿದರು. ಇಂಥ ಕಥೆ ನಂಬಿ ಕೂತರೆ ಮುಂದಿನ ವರ್ಷ ಎಲ್ಲರ ಅಜ್ಜಿಯರೂ ಲೇಥ್ ತಿರುಗಿಸುತ್ತಾರೆ ಎಂದರು. ಕೊನೆಗೆ ತಮ್ಮೆದುರೇ ಮಯೂರಿಗೆ ಹೊಸ ನಕ್ಷೆಯೊಂದನ್ನು ಕೊಟ್ಟು ಕೂರಿಸಿದರು.

ಅವಳು ನಕ್ಷೆ ಬರೆದಳು, ತುಂಡು ಹಿಡಿಸಿದಳು. ಯಂತ್ರ ಓಡಿಸಬೇಕು, ಬೆರಳು ಏಳುತ್ತಿಲ್ಲ. ಈ ಸಲ ನೇರವಾಗಿ ಓಡಿಸಿದರೂ ಅನುಮಾನ, ಸುತ್ತು ತಿರುಗಿಸಿದರೂ ಅನುಮಾನ ಎಂಬುದು ಅವಳಿಗೆ ಗೊತ್ತಿತ್ತು.

ಸಂಮೇದ ಎದ್ದು ಹೋಗಿ ಅವಳ ಹೆಗಲ ಮೇಲಿಂದ ಬಾಗಿ ಆ ಕೀಲಿ ಒತ್ತಿದ. ಚಕ್ಕು ಒಂದು ಸುತ್ತು ತಿರುಗಿತು.

“ಬ್ಯಾರೆ ಕೈ ತಾಗಿತಲ್ಲೋ, ಸಂಮೇದ,” ಎಂದರು ಬಾಪೂಸಾಹೇಬ.

“ತಾಗೇತ್ರಿ,” ಎಂದ ಅವನು, ಪಕ್ಕಕ್ಕೆ ಸರಿದು ಕೈಕಟ್ಟಿ ನಿಲ್ಲುತ್ತ. “ಈಗ ಮುಂದಿಂದು ಯಾರು ಮಾಡತಾರ ನೋಡ್ರಿ.”

ಮಯೂರಿ ಉಳಿಯನ್ನು ತುಂಡಿನ ಮೇಲೆ ಇಳಿಸಿದಳು.