ಟೇಪಿನ ಆಚೆಗೆ ಮಗು

ಹೆರಿಗೆ ರಜೆ ಮುಗಿಯಲು ಒಂದು ವಾರ ಇತ್ತು. ಆ ವಾರ ಆ ಬೀದಿಯಲ್ಲಿ ಡಾಕ್ಟರಲ್ಲದವರು ಯಾರೂ ಇರಲಿಲ್ಲ.

"ಈ ಕೊರೊನಾ ಹೊತ್ತಲ್ಲಿ ಕೆಲಸಕ್ಕೆ ಹೋದ್ರೆ ಎದೆಹಾಲು ಕೆಡುತ್ತೆ" ಎಂದಳು ನಲ್ಲಿ ಹತ್ತಿರ ಒಬ್ಬಳು.

"ಲಸಿಕೆ ಹಾಕಿಸ್ಕೊಂಡ್ರೆ ಹಾಲೇ ಬತ್ತಿಹೋಗುತ್ತಂತೆ" ಎಂದಳು ಇನ್ನೊಬ್ಬಳು.

"ಹಾಕಿಸ್ಕೊಳ್ದೆ ಇದ್ರೆ ಗೇಟಿನ ಒಳಗೇ ಬಿಡಲ್ವಂತೆ" ಎಂದ ಪಕ್ಕದ ಮನೆಯ ಟೈಲರ್. ಅವನು ದಿನವಿಡೀ ಒಂದು ಕೈಯಲ್ಲಿ ಬಟ್ಟೆ, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಕೂರುವವನು. ಫೋನಿಗೆ ಬಂದದ್ದನ್ನೆಲ್ಲ ಓದುತ್ತಿದ್ದ, ಓದಿದ್ದನ್ನೆಲ್ಲ ಬೀದಿಗೆ ಹಂಚುತ್ತಿದ್ದ.

ಇವರಿಗೆಲ್ಲ ಯಾರು ಹೇಳಿದರು? ಗೊತ್ತಿಲ್ಲ. ಹೇಳಿದರು, ಕೊಡ ತುಂಬಿಸಿಕೊಂಡು ಹೊರಟುಹೋದರು. ಕೇಳಿಸಿಕೊಂಡವಳ ತಲೆಯೊಳಗೆ ಮಾತ್ರ ಅದಷ್ಟೂ ಉಳಿಯಿತು.

ಕೇಳಿಸಿಕೊಂಡವಳು ಕಡ್ಡಿ. ಲಾಂಡ್ರಿಯ ಜೊತೆಯವರು ಇಟ್ಟ ಅಡ್ಡಹೆಸರು. ಹೆರಿಗೆಯಾದ ಮೇಲೆ ಮೈ ತುಂಬಿಕೊಂಡಿದ್ದಳು, ಹೆಸರು ಮಾತ್ರ ಸಣ್ಣಗೇ ಉಳಿದಿತ್ತು. ಟೈರು ಅಂಗಡಿಯಲ್ಲಿ ಪಂಕ್ಚರ್ ಹಾಕುವ ಗಂಡನೂ ಹಾಗೆಯೇ ಕರೆಯುತ್ತಿದ್ದ.

ಅವಳ ಲಾಂಡ್ರಿ ಬೀದಿ ಬದಿಯ ಇಸ್ತ್ರಿ ಅಂಗಡಿಯಲ್ಲ. ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆಯುವ ದೊಡ್ಡ ಶೆಡ್ಡು. ಶೆಡ್ಡಿನ ನಡುವೆ ಒಂದು ಗೋಡೆ. ಗೋಡೆಯ ಈಚೆಗೆ ಕೊಳೆ ಬದಿ. ರಕ್ತ, ವಾಂತಿ, ಔಷಧಿ ಹತ್ತಿದ ಬೆಡ್‌ಶೀಟುಗಳ ಮೂಟೆ ಬಂದು ಬೀಳುವುದು ಅಲ್ಲಿ. ಆಚೆಗೆ ಶುಭ್ರ ಬದಿ. ಇಸ್ತ್ರಿ ಮಾಡುವುದು, ಮಡಿಸುವುದು, ಕಟ್ಟುವುದು ಅಲ್ಲಿ. ಒಗೆಯುವ ಮಷೀನುಗಳನ್ನು ಗೋಡೆಯೊಳಗೇ ಕೂರಿಸಿದ್ದರು. ಕೊಳೆ ಬದಿಯ ಬಾಗಿಲಿನಿಂದ ತುಂಬಿದರೆ ಒಗೆದ ಬಟ್ಟೆ ಶುಭ್ರ ಬದಿಯ ಬಾಗಿಲಿನಿಂದ ಹೊರಬರುತ್ತದೆ. ಕೊಳೆ ಬದಿಯವರು ಸ್ನಾನ ಮಾಡಿ ಬಟ್ಟೆ ಬದಲಿಸದೆ ಆಚೆಗೆ ಕಾಲಿಡುವಂತಿಲ್ಲ. ಜ್ವರದ ವಾರ್ಡಿನ ಬಟ್ಟೆ ಬಂದರೆ ನೀರಿನ ಕಾವು ಪೂರ್ತಿ ಮೇಲಕ್ಕೆ. ಕಡ್ಡಿ ಮದುವೆಗೆ ಮುಂಚಿನಿಂದಲೂ ಕೊಳೆ ಬದಿಯವಳು. ಆ ನಿಯಮಗಳು ಅವಳಿಗೆ ಉಸಿರಾಡಿದಷ್ಟೇ ಸಲೀಸು.

ಸೂಪರ್‌ವೈಸರ್ ಫೋನ್ ಮಾಡಿದ. ಮಗು ಹೇಗಿದೆ ಅಂತ ಕೇಳಲಿಲ್ಲ.

"ಸೋಮವಾರ ಬರ್ತೀಯೋ, ಬೇರೆಯವರನ್ನ ಹಾಕ್ಕೊಳ್ಳೋ?"

"ಸಾರ್, ಈಗ ಕೊರೊನಾ ವಾರ್ಡಿನ ಬಟ್ಟೆನೂ ಬರುತ್ತಾ?"

"ಆಸ್ಪತ್ರೆ ಬಟ್ಟೆ ಅಂದ್ಮೇಲೆ ಮದುವೆ ಮನೆ ಬಟ್ಟೆ ಬರುತ್ತೇನಮ್ಮ? ಬೇಗ ಹೇಳು."

ಜನರ ಜೀವಕ್ಕೆ ಸಂಬಂಧಪಟ್ಟ ಕೆಲಸ, ಆದರೂ ಒಂದು ಪ್ರಶ್ನೆಗೆ ಉತ್ತರ ಕೊಡಲು ಇವನಿಗೆ ಪುರುಸೊತ್ತಿಲ್ಲ.

ಮನೆಯಲ್ಲೂ ಒಂದು ಮಾತು ಇನ್ನೊಂದಕ್ಕೆ ಹೊಂದಲಿಲ್ಲ. "ಬಿಟ್ಟುಬಿಡೇ ಆ ಕೆಲಸ" ಎಂದರು ಅತ್ತೆ. "ಬಿಟ್ಟರೆ ಮತ್ತೆ ಸಿಗಲ್ಲಮ್ಮ" ಎಂದ ಗಂಡ. ಅದೇ ಗಂಡ ಊಟಕ್ಕೆ ಕೂತಾಗ, "ಹೋಗೋದು ಬೇಡವೇನೋ ಕಣೆ" ಎಂದ. ಆಗ ಅತ್ತೆ, "ಹೋಗದೆ ಏನು ಮಾಡ್ತಾಳೋ?" ಎಂದರು. ಬೆಳಿಗ್ಗೆ ಬೇಡ ಎಂದವರು ಸಂಜೆ ಬೇಕು ಎನ್ನುತ್ತಿದ್ದರು. ಕಡ್ಡಿ ತನ್ನೊಳಗೇ ಲೆಕ್ಕ ಹಾಕಿದಳು. ಕೆಲಸಕ್ಕೆ ಹೋದರೆ ರೋಗ ತರುತ್ತೇನೆ. ಹೋಗದಿದ್ದರೆ ಮನೆ ನಡೆಯುವುದಿಲ್ಲ. ಲಸಿಕೆ ಹಾಕಿಸಿಕೊಂಡರೆ ಹಾಲು ಬತ್ತುತ್ತದೆ. ಹಾಕಿಸದಿದ್ದರೆ ರೋಗ ಬರುತ್ತದೆ. ಯಾವ ಕಡೆ ತಿರುಗಿದರೂ ಮಗುವಿಗೇ ಪೆಟ್ಟು.

ಹೀಗೆ ದಿಕ್ಕು ತೋಚದಾಗ ಮನುಷ್ಯರು ತಮಗೆ ಗೊತ್ತಿರುವ ಕೆಲಸವನ್ನೇ ಮಾಡುತ್ತಾರೆ. ಕಡ್ಡಿಯೂ ಅದನ್ನೇ ಮಾಡಿದಳು.

ಗಂಡನ ಸಾಮಾನಿನ ಡಬ್ಬಿಯಿಂದ ಕೆಂಪು ಟೇಪು ತಂದು ಇದ್ದ ಒಂದು ಕೋಣೆಯ ನೆಲಕ್ಕೆ ಗೋಡೆಯಿಂದ ಗೋಡೆಯವರೆಗೆ ಅಂಟಿಸಿದಳು.

"ಇದೇನೇ ಇದು?" ಎಂದರು ಅತ್ತೆ.

"ಆಚೆ ಶುಭ್ರ ಬದಿ. ನೀವು, ಪಾಪು ಅಲ್ಲಿ. ಈಚೆ ನಾನು. ಸೋಮವಾರದಿಂದ ಹೀಗೇ ಇರ್ಬೇಕು. ಈಗ್ಲೇ ಅಭ್ಯಾಸ ಆಗ್ಲಿ."

"ಹಾಲು?"

"ಹಿಂಡಿ ಕೊಡ್ತೀನಿ. ಚಮಚದಲ್ಲಿ ಕುಡಿಸಿ."

ಹಿಂಡಿದ್ದನ್ನು ಹಾಗೆಯೇ ಕೊಟ್ಟಿದ್ದರೆ ಅಷ್ಟು ಕೆಡುತ್ತಿರಲಿಲ್ಲ. ಜ್ವರದ ವಾರ್ಡಿನ ಬೆಡ್‌ಶೀಟಿಗೆ ಕೊಡುವ ಹಾಗೆ ಅದಕ್ಕೂ ಕಾವು ಕೊಟ್ಟಳು. ಎದೆಹಾಲನ್ನು ಒಲೆಯ ಮೇಲಿಟ್ಟು ಕೊತಕೊತ ಕುದಿಸಿದಳು. ಮಗು ಮೊದಲ ಚಮಚಕ್ಕೇ ಮುಖ ಹಿಂಡಿತು, ಎರಡನೆಯದನ್ನು ಉಗುಳಿತು, ಮೂರನೆಯದಕ್ಕೆ ಬಾಯಿ ತೆರೆಯಲೇ ಇಲ್ಲ. ಆಮೇಲೆ ಅಮ್ಮನ ಕಡೆ ಕೈ ಚಾಚಿ ಅಳಲು ಶುರು ಮಾಡಿತು. ಕಡ್ಡಿ ಟೇಪಿನ ಈಚೆ ಕೂತು ಗೋಡೆಗೆ ಮುಖ ಮಾಡಿಕೊಂಡಳು.

ಎರಡು ದಿನ ಹೀಗೇ ನಡೆಯಿತು. ಮಗು ಅರ್ಧ ಹೊಟ್ಟೆಯಲ್ಲಿ ಸೋತು ಮಲಗಿತು. ಇತ್ತ ಕೈಯಲ್ಲಿ ಹಿಂಡಿದ್ದು ಸಾಲದೆ ಹಾಲು ಕಟ್ಟಿ ಕಡ್ಡಿಯ ಎದೆ ಕಲ್ಲಿನಂತಾಯಿತು. ಒಂದು ಪಕ್ಕ ಕೆಂಪಗಾಗಿ ಮುಟ್ಟಿದರೆ ಪ್ರಾಣ ಹೋಗುವಷ್ಟು ನೋವು. ಮೂರನೆಯ ದಿನ ಬೆಳಿಗ್ಗೆ ಮೈ ಸುಡತೊಡಗಿತು.

ಜ್ವರ.

ಟೈಲರ್‌ಗೆ ಗೋಡೆಯಾಚೆಯಿಂದ ಕೇಳಿಸಿತೋ, ಏನೋ. ಸ್ವಲ್ಪ ಹೊತ್ತಿಗೆ ಬೀದಿಯ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು. ಹಿಂದಿನ ದಿನ ಬಿಟ್ಟಿ ಬುದ್ಧಿವಾದ ಹೇಳಲು ತೆರೆದಿದ್ದ ಕಿಟಕಿಗಳೇ ಅವು.

ಗಂಡ ಆರೋಗ್ಯ ಕೇಂದ್ರಕ್ಕೆ ಓಡಿದ. ಆ ಬೀದಿಯ ಮಕ್ಕಳಿಗೆಲ್ಲ ಚುಚ್ಚುಮದ್ದು ಹಾಕಿದ ನರ್ಸಕ್ಕ ಮಾಸ್ಕ್ ಹಾಕಿಕೊಂಡು ಚೀಲ ಹಿಡಿದು ಬಂದರು. ಬಾಗಿಲಲ್ಲೇ ನಿಂತು ಮೊದಲು ಕಿಟಕಿ ತೆಗೆಸಿದರು. ಕೈ ತೊಳೆದುಕೊಂಡರು. ಆಮೇಲೆ ನೆಲ ನೋಡಿದರು.

"ಇದೇನು, ಕುಂಟಾಬಿಲ್ಲೆ ಆಡ್ತಿದ್ದೀರಾ?"

ಯಾರೂ ನಗಲಿಲ್ಲ. ಕಡ್ಡಿ ಎಲ್ಲವನ್ನೂ ಹೇಳಿದಳು. ಹೇಳುತ್ತಾ ಹೇಳುತ್ತಾ ಅಳು ಬಂತು. "ನನಗೆ ಏನೂ ಗೊತ್ತಾಗ್ತಿಲ್ಲ ನರ್ಸಕ್ಕ. ಒಬ್ಬೊಬ್ರು ಒಂದೊಂದು ಹೇಳ್ತಾರೆ. ಯಾವುದು ಸರಿ?"

ನರ್ಸಕ್ಕ ಅವಳ ಮೂಗಿನೊಳಗಿಂದ ಹತ್ತಿಯ ತುದಿಯಲ್ಲಿ ಮಾದರಿ ತೆಗೆದು ಪರೀಕ್ಷೆಗೆ ಇಟ್ಟರು. ಎದೆಯನ್ನೂ ನೋಡಿದರು. "ಹಾಲು ಕಟ್ಟಿಕೊಂಡು ಬಾವು ಬಂದಿದೆ. ಜ್ವರ ಇದರದ್ದೇ ಇರ್ಬೇಕು. ಮಾಸ್ಕ್ ಹಾಕ್ಕೋ, ಸೋಪು ಹಚ್ಚಿ ಕೈ ತೊಳ್ಕೋ. ಮಗೂಗೆ ಹಾಲು ಕೊಡು."

"ಪರೀಕ್ಷೇಲಿ ಏನು ಅಂತ ಗೊತ್ತಾಗ್ಲಿ ಮೊದ್ಲು" ಎಂದರು ಅತ್ತೆ, ಮಗುವನ್ನು ಇನ್ನೂ ಬಿಗಿಯಾಗಿ ಹಿಡಿದು.

"ಅಮ್ಮಾ, ಪರೀಕ್ಷೇಲಿ ಕೊರೊನಾ ಅಂತ ಬಂದ್ರೂ ನಾನು ಹೇಳೋದು ಇದೇ. ಈ ರೋಗ ಹರಡೋದು ಉಸಿರಿಂದ, ಕೆಮ್ಮಿಂದ. ಹಾಲಿಂದ ಹರಡಿದ್ದು ಎಲ್ಲೂ ಕಂಡಿಲ್ಲ. ಮಾಸ್ಕ್ ಹಾಕ್ಕೊಂಡು, ಕೈ ತೊಳ್ಕೊಂಡು, ಕಿಟಕಿ ತೆಗೆದಿಟ್ಟು ಕೊಡ್ಬಹುದು. ರೋಗದ ಜೊತೆ ಹೋರಾಡೋ ಶಕ್ತಿನೂ ಆ ಹಾಲಲ್ಲೇ ಇದೆ. ಮಾಸ್ಕ್ ಅಮ್ಮನಿಗೆ ಮಾತ್ರ, ಮಗೂಗೆ ಬೇಡ."

"ಹಾಗಾದ್ರೆ ಗೆರೆ?" ಎಂದಳು ಕಡ್ಡಿ. "ನಮ್ಮ ಲಾಂಡ್ರೀಲಿ ಕೊಳೆ ಬದಿಯವರು ಆಚೆ ಹೋಗೋ ಹಾಗಿಲ್ಲ."

"ನಿಮ್ಮ ಲಾಂಡ್ರಿ ನಾನೂ ನೋಡಿದ್ದೀನಿ. ನಡುವಿನ ಗೋಡೇಲಿ ಏನಿದೆ?"

"ಮಷೀನು."

"ಅದಕ್ಕೆ ಎಷ್ಟು ಬಾಗಿಲು?"

"ಎರಡು."

"ಮತ್ತೆ ಆ ಗೋಡೆ ಬಟ್ಟೇನ ತಡೆಯೋಕೆ ಕಟ್ಟಿದ್ದೋ, ದಾಟಿಸೋಕೆ ಕಟ್ಟಿದ್ದೋ?"

ಕಡ್ಡಿ ನೆಲದ ಟೇಪು ನೋಡಿದಳು. ನಿಧಾನಕ್ಕೆ ಎಂದಳು, "ಒಗೆದು ದಾಟಿಸೋಕೆ."

"ನೀನು ಗೋಡೆ ಮಾತ್ರ ಮನೆಗೆ ತಂದೆ ಕಣಮ್ಮ. ಮಷೀನು ಅಲ್ಲೇ ಬಿಟ್ಟು ಬಂದೆ. ಮನೇಲಿ ಸೋಪು, ಮಾಸ್ಕೇ ಮಷೀನು."

ಗಂಡ ಬಗ್ಗಿ ಟೇಪಿನ ತುದಿ ಎಳೆದ. ಅದು ನೆಲದ ಗಾರೆಯನ್ನೂ ಒಂದಿಷ್ಟು ಕಿತ್ತುಕೊಂಡು ಬಂತು. ಅತ್ತೆ ಮಗುವನ್ನು ಸೊಸೆಯ ಮಡಿಲಿಗೆ ಕೊಟ್ಟರು, ಕೊಟ್ಟ ಮೇಲೂ ಕೈ ಹಿಂದಕ್ಕೆ ತೆಗೆಯಲು ಹೆದರಿದರು. ಮಗು ಹಸಿದಿತ್ತು. ಕಚ್ಚಿಕೊಂಡ ಕೂಡಲೇ ಕಡ್ಡಿ ನೋವಿಗೆ ಹಲ್ಲು ಕಚ್ಚಿದಳು. ಸ್ವಲ್ಪ ಹೊತ್ತಾದ ಮೇಲೆ ಬಿಗಿದ ಹಲ್ಲು ಸಡಿಲಿಸಿದಳು. ಮಾಸ್ಕಿನ ಮೇಲಿನ ಕಣ್ಣುಗಳನ್ನು ಮಗು ಒಂದೇ ಸಮನೆ ನೋಡುತ್ತಿತ್ತು.

ಪರೀಕ್ಷೆಯಲ್ಲಿ ರೋಗ ಕಾಣಿಸಲಿಲ್ಲ. "ಇಷ್ಟನ್ನೇ ನಂಬ್ಕೋಬೇಡಿ. ನಾಡಿದ್ದು ಮತ್ತೊಂದ್ಸಲ ನೋಡೋಣ. ಅಲ್ಲೀತನಕ ಮಾಸ್ಕ್ ತೆಗೀಬೇಡ" ಎಂದರು ನರ್ಸಕ್ಕ. "ಹಾಲು ಕೊಟ್ಟ ಮೇಲೆ ತಣ್ಣೀರಿನ ಬಟ್ಟೆ ಇಡು. ಜೋರಾಗಿ ಅಮುಕಬೇಡ. ನಾಳೆಗೆ ಜ್ವರ ಇಳೀಲಿಲ್ಲ ಅಂದ್ರೆ ಡಾಕ್ಟರ ಹತ್ರ ಬರ್ಲೇಬೇಕು."

"ಲಸಿಕೆ?" ಎಂದ ಗಂಡ.

"ಜ್ವರ ಬಿಟ್ಟ ಮೇಲೆ ಹಾಕಿಸ್ಕೊಳ್ಳಿ. ಹಾಲುಣಿಸೋ ತಾಯಂದಿರು ಹಾಕಿಸ್ಕೊಳ್ಬಹುದು. ಹಾಲು ಬತ್ತಲ್ಲ. ಹಾಕಿಸ್ಕೊಂಡ ದಿನಾನೂ ಮಗೂಗೆ ಕೊಡ್ಬಹುದು. ನೀವೂ ಹಾಕಿಸ್ಕೊಳ್ಳಿ, ನಿಮ್ಮಮ್ಮನಿಗೂ ಹಾಕಿಸಿ. ಮಗೂನ ಎತ್ತಿಕೊಳ್ಳೋ ಕೈ ಇವಳದ್ದೊಂದೇ ಅಲ್ವಲ್ಲ."

"ಈ ರೋಗ ಯಾವಾಗ ಹೋಗುತ್ತೆ ನರ್ಸಕ್ಕ?" ಎಂದರು ಅತ್ತೆ.

"ಗೊತ್ತಿಲ್ಲಮ್ಮ."

"ಮಗೂಗೆ ಖಂಡಿತ ಬರಲ್ಲ ತಾನೆ?"

"ಅದನ್ನೂ ಹೇಳೋಕಾಗಲ್ಲ. ಬರದೇ ಇರೋ ಹಾಗೆ ಏನೇನು ಮಾಡ್ಬಹುದೋ ಅದು ಗೊತ್ತು. ಅಷ್ಟು ಮಾಡೋಣ."

ಇಷ್ಟು ದಿನದಲ್ಲಿ ಬುದ್ಧಿ ಹೇಳಿದವರ ಪೈಕಿ ಗೊತ್ತಿಲ್ಲ ಎಂದವರು ಅವರೊಬ್ಬರೇ. ಅದಕ್ಕೋ ಏನೋ, ಅತ್ತೆ ಅವರ ಮಾತನ್ನು ನಂಬಿದರು.

ನರ್ಸಕ್ಕ ಹೊರಗೆ ಬಂದಾಗ ಟೈಲರ್ ತನ್ನ ಕಿಟಕಿಯನ್ನು ಒಂದು ಬೆರಳಿನಷ್ಟು ತೆಗೆದು ಕಾಯುತ್ತಿದ್ದ. "ನರ್ಸಕ್ಕ, ನೀವು ಹೇಳಿದ್ದು ಫೋನಿಗೆ ಹಾಕಿ. ಎಲ್ರಿಗೂ ಕಳಿಸ್ತೀನಿ."

"ಫೋನು ಆಮೇಲೆ. ನಿಮ್ಮ ಹೆಂಡ್ತೀಗೆ ಎರಡನೇ ಲಸಿಕೆ ಬಾಕಿ ಇದೆ, ಕರ್ಕೊಂಡು ಬನ್ನಿ ಟೈಲರಣ್ಣ. ನಿಮ್ಮದು ಮೊದಲನೇದೇ ಬಾಕಿ."

ಕಿಟಕಿ ಮತ್ತೆ ಮುಚ್ಚಿತು.

ಜ್ವರ ಮಾರನೆಯ ದಿನ ಇಳಿಯಿತು. ಎರಡನೆಯ ಪರೀಕ್ಷೆಯಲ್ಲೂ ಏನೂ ಕಾಣಿಸಲಿಲ್ಲ. ಕಡ್ಡಿ ತಾನೇ ಸೂಪರ್‌ವೈಸರ್‌ಗೆ ಫೋನ್ ಮಾಡಿದಳು.

"ಸೋಮವಾರ ಬರ್ತೀನಿ ಸಾರ್. ಶುಭ್ರ ಬದಿ ಕೆಲಸ ಕೊಡಿ. ಹಾಲು ಹಿಂಡಿಕೊಳ್ಳೋಕೆ ಚಿಲಕ ಇರೋ ಒಂದು ಜಾಗ ಬೇಕು."

"ಇದೇನಮ್ಮ, ಆರು ತಿಂಗಳು ಮನೇಲಿ ಕೂತು ಕಾನೂನು ಓದಿದ್ಯಾ?"

"ಮಗು ಹೆತ್ತೆ ಸಾರ್."

ಅವನು ನೋಡೋಣ ಎಂದ. ನೋಡೋಣ ಎಂದರೆ ಇಲ್ಲ ಎಂದರ್ಥ, ಕೆಲಸ ಮಾಡುವವರಿಗೆಲ್ಲ ಅದು ಗೊತ್ತು. ಆದರೆ ಕಡ್ಡಿ ಅಲ್ಲಿಗೇ ಬಿಡಲಿಲ್ಲ. ಲಾಂಡ್ರಿಯಲ್ಲಿ ಹಾಲುಣಿಸುವ ತಾಯಂದಿರು ಇನ್ನೂ ಇಬ್ಬರಿದ್ದರು. ಒಬ್ಬಳು ಕಕ್ಕಸಿನಲ್ಲಿ ನಿಂತು ಹಾಲು ಹಿಂಡಿ ಚೆಲ್ಲುತ್ತಿದ್ದಳು. ಆಸ್ಪತ್ರೆಗಳಿಗಾಗಿಯೇ ನಡೆಯುವ ಕೆಲಸದಲ್ಲಿ ಒಬ್ಬ ತಾಯಿ ಕಕ್ಕಸಿನಲ್ಲಿ ನಿಂತು ತನ್ನ ಮಗುವಿನ ಊಟ ಚೆಲ್ಲಬೇಕು. ಇದಕ್ಕೆ ಯಾರಿಗೂ ನಾಚಿಕೆಯಾಗಲಿಲ್ಲ, ಅವಳೊಬ್ಬಳಿಗೆ ಬಿಟ್ಟು. ಮೂವರೂ ಒಟ್ಟಿಗೆ ಹೋಗಿ ಕೇಳಿದರು. ಬಟ್ಟೆಯ ಕಟ್ಟು ಇಡುವ ಸಣ್ಣ ಕೋಣೆಗೆ ಚಿಲಕ ಬಂತು, ಒಂದು ಕುರ್ಚಿ ಬಂತು. ಶುಭ್ರ ಬದಿಯ ಕೆಲಸ ಕಡ್ಡಿಗೆ ಇನ್ನೂ ಸಿಕ್ಕಿಲ್ಲ. ಕೇಳುತ್ತಲೇ ಇದ್ದಾಳೆ. ಅಲ್ಲಿಯತನಕ ಕೊಳೆ ಬದಿಯಲ್ಲೇ ಮಾಸ್ಕ್, ಗೌನು, ಕೈಗವಸು ಹಾಕಿಕೊಂಡು ದುಡಿಯುತ್ತಿದ್ದಾಳೆ. ಊಟದ ಹೊತ್ತಿಗೆ ಮಾಸ್ಕ್ ತೆಗೆಯಬೇಕಾಗುತ್ತದೆ, ಹಾಗಾಗಿ ಗುಂಪು ಬಿಟ್ಟು ಹೊರಗೆ ಗಾಳಿಯಲ್ಲಿ ಕೂತು ಉಣ್ಣುತ್ತಾಳೆ.

ಹಾಲು ಹಿಂಡುವ ಮುಂಚೆ ನಿಯಮದಂತೆ ಸ್ನಾನ ಮಾಡಿ ಬಟ್ಟೆ ಬದಲಿಸಿ ಕೈ ತೊಳೆಯುತ್ತಾಳೆ. ಮುಚ್ಚಳವಿರುವ ಬಟ್ಟಲನ್ನು ಮನೆಯಲ್ಲೇ ಕುದಿಸಿ ತಂದಿರುತ್ತಾಳೆ. ಕುದಿಸಬೇಕಾದದ್ದು ಬಟ್ಟಲು, ಹಾಲಲ್ಲ. ಹಿಂಡಿದ್ದನ್ನು ಲಾಂಡ್ರಿ ಆಫೀಸಿನ ಫ್ರಿಜ್‌ನಲ್ಲಿ ಇಡುತ್ತಾಳೆ. ಫ್ರಿಜ್ ಇಲ್ಲದ ಕಡೆ ತಂಪಾದ ಜಾಗದಲ್ಲಿಟ್ಟು ಮೂರು ನಾಲ್ಕು ಗಂಟೆಯೊಳಗೆ ಕುಡಿಸಬೇಕು. ತಣ್ಣಗಿದ್ದರೆ ಬಟ್ಟಲನ್ನು ಬಿಸಿನೀರಿನಲ್ಲಿ ಇಟ್ಟು ಬೆಚ್ಚಗೆ ಮಾಡಿದರೆ ಸಾಕು.

ಭಯ ಹೋಯಿತೇ? ಇಲ್ಲ. ಮಗು ಒಂದು ಸಲ ಸೀನಿದರೂ ಕಡ್ಡಿಯ ಜೀವ ಬಾಯಿಗೆ ಬರುತ್ತದೆ. ಆಗ ನರ್ಸಕ್ಕನನ್ನು ಕೇಳುತ್ತಾಳೆ. ಬೀದಿಯನ್ನು ಕೇಳುವುದು ಬಿಟ್ಟಿದ್ದಾಳೆ.

ಮೊದಲ ದಿನ ಕೆಲಸ ಮುಗಿಸಿ ಮನೆಗೆ ಬಂದಾಗ ಮಗು ಅವಳನ್ನು ಕಂಡು ಎರಡೂ ಕೈ ಚಾಚಿತು. ಕಡ್ಡಿ ಎತ್ತಿಕೊಳ್ಳಲಿಲ್ಲ. ನೇರ ಬಚ್ಚಲಿಗೆ ಹೋದಳು. ಅಮ್ಮ ತನ್ನನ್ನು ನೋಡಿಯೂ ದಾಟಿಹೋದಳು ಎಂದು ಮಗು ಬೀದಿಗೆ ಕೇಳುವಂತೆ ಅತ್ತಿತು. ಒಳಗೆ ಕಡ್ಡಿ ಸೋಪು ಹಚ್ಚುತ್ತಾ, "ಬಂದೆ ಕಂದಾ, ಬಂದೆ" ಎನ್ನುತ್ತಿದ್ದಳು. ಅತ್ತೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಿಗೂ ಬಚ್ಚಲಿಗೂ ನಡೆದಾಡಿದರು. "ಅವಸರ ಮಾಡ್ಬೇಡ ಕಣೇ, ನಾನಿದ್ದೀನಲ್ಲ" ಎಂದರು. ಕಡ್ಡಿ ಬೇರೆ ಬಟ್ಟೆ ಉಟ್ಟು ಹೊರಗೆ ಬಂದು ಮಗುವನ್ನು ಎದೆಗೆ ಹಾಕಿಕೊಂಡಳು. ಮನೆ ತಣ್ಣಗಾಯಿತು.

ಓದುತ್ತಿರುವವರೇ, ನಿಮ್ಮ ಬೀದಿಯಲ್ಲೂ ಒಬ್ಬ ತಾಯಿ ಕೆಲಸಕ್ಕೆ ಮರಳುತ್ತಿರುತ್ತಾಳೆ. ಅವಳ ತಲೆ ಈಗಾಗಲೇ ತುಂಬಿದೆ, ನಿಮ್ಮ ಫೋನಿನಲ್ಲಿ ಬಂದದ್ದನ್ನು ಮತ್ತೆ ಅದಕ್ಕೆ ತುರುಕಬೇಡಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ, ಆರೋಗ್ಯ ಕೇಂದ್ರದ ದಾರಿ ತೋರಿಸಿ. ನೀವು ತಾಯಿಯಾಗಿದ್ದರೆ ಹಾಲು ನಿಲ್ಲಿಸಬೇಡಿ, ಲಸಿಕೆ ಹಾಕಿಸಿಕೊಳ್ಳಿ, ಜ್ವರ ಬಂದರೆ ಮುಚ್ಚಿಡದೆ ತೋರಿಸಿ. ನೀವು ಮಾಲೀಕರಾಗಿದ್ದರೆ ಒಂದು ಕೋಣೆಗೆ ಚಿಲಕ ಹಾಕಿಸಿ, ನಿಮ್ಮ ಕಾರ್ಖಾನೆ ಮುಳುಗಿಹೋಗುವುದಿಲ್ಲ. ಮನೆಯವರಾಗಿದ್ದರೆ ಇನ್ನೂ ಸುಲಭ. ಅವಳು ಕೈ ತೊಳೆದು ಬರುವವರೆಗೆ ಮಗುವನ್ನು ಎತ್ತಿಕೊಳ್ಳಿ.