ಬೆರಳಿನ ಉಪ್ಪು

ಜ್ವಾಲೆ ಮತ್ತೆ ಹಳದಿಯಾಯಿತು. ನಸ್ರೀನ್ ಪ್ರಾಕ್ಟಿಕಲ್ ಪರೀಕ್ಷೆಯ ಉತ್ತರ ಪತ್ರಿಕೆಯಲ್ಲಿ, ಗುರುತಿಸಲು ಕೊಟ್ಟ ಲವಣದಲ್ಲಿರುವುದು ಸೋಡಿಯಂ ಎಂದು ಬರೆದಳು. ಬರೆದ ಮೇಲೆ ಅನುಮಾನ ಬಂತು. ಸ್ವಲ್ಪ ಹೊತ್ತಿನ ಮುಂಚೆ ಇದೇ ಲವಣದ ದ್ರಾವಣದಲ್ಲಿ ಬಿಳಿ ಗಸಿ ಕೂತಿತ್ತು. ಸೋಡಿಯಂ ಆಗಿದ್ದರೆ ಹಾಗೆ ಗಸಿ ಕೂರುವುದಿಲ್ಲ. ಎರಡರಲ್ಲಿ ಒಂದು ಸುಳ್ಳು ಹೇಳುತ್ತಿತ್ತು.

ಹೋದ ವರ್ಷವೂ ಅವಳು ಮುಗ್ಗರಿಸಿದ್ದು ಕೆಮಿಸ್ಟ್ರಿಯಲ್ಲೇ. "ಈ ಸಲಾನೂ ಫೇಲಾದ್ರ ಮನ್ಯಾಗ ಕುಂದ್ರಬೇಕು ನೋಡು," ಎಂದು ಅಪ್ಪ ರಹಿಮಾನಸಾಬ ಖಡಾಖಂಡಿತ ಹೇಳಿಬಿಟ್ಟಿದ್ದ. ಬ್ಯಾಡಗಿಯಲ್ಲಿ ಮನೆಯಲ್ಲಿ ಕೂರುವುದೆಂದರೆ ಮೆಣಸಿನಕಾಯಿ ರಾಶಿಯ ಮುಂದೆ ಕೂರುವುದು. ಪರೀಕ್ಷೆಯ ದಿನವೆಂದು ಅದು ಬಿಟ್ಟೀತೇ? ಇವತ್ತೂ ರಾಣೆಬೆನ್ನೂರಿನ ಬಸ್ಸು ಹಿಡಿಯುವ ತನಕ ತೊಟ್ಟು ಬಿಡಿಸಿಯೇ ಬಂದಿದ್ದಳು.

ಬೆರಳುಗಳು ಇನ್ನೂ ಉರಿಯುತ್ತಿದ್ದವು. ಒಂದಕ್ಕೊಂದು ಉಜ್ಜಿಕೊಂಡಳು. ಉಗುರಿನ ಸಂದಿಯಲ್ಲಿ ಏನೋ ತರಿತರಿ. ಉಪ್ಪು. ಉರಿ ಇಳಿಯಲೆಂದು ತಾಯಿ ಮಹಮೂದಾಬೇಗಂ ಕೈಗೆ ಮೊಸರು, ಉಪ್ಪು ತಿಕ್ಕಿ, ಬಸ್ಸು ಬಂತೆಂದು ಅರೆಬರೆ ತೊಳೆಸಿ ಓಡಿಸಿದ್ದಳು. ಆ ಬೆರಳಿನಿಂದಲೇ ನಸ್ರೀನ್ ಜ್ವಾಲೆಗೆ ಹಿಡಿಯುವ ತಂತಿಯ ಸೊಟ್ಟ ತುದಿಯನ್ನು ನೆಟ್ಟಗೆ ಮಾಡಿದ್ದಳು. ಅವಳಿಗೆ ತನ್ನ ಮೇಲೇ ಸಿಟ್ಟು ಉಕ್ಕಿತು.

"ಸರ್, ಜ್ವಾಲಾ ಪರೀಕ್ಷೆ ಇನ್ನೊಮ್ಮೆ ಮಾಡ್ತೇನ್ರಿ."

ಬೇರೆ ಊರಿನಿಂದ ಬಂದಿದ್ದ ಪರೀಕ್ಷಕ ಅಂದಾನೆಪ್ಪನವರು ಗಡಿಯಾರ ನೋಡಿದರು. "ಉತ್ತರ ಬರದೀಯಲ್ಲ, ಮತ್ಯಾಕ?"

"ನನ್ನ ಕೈಯಾಗ ಉಪ್ಪಿತ್ರಿ."

ಹಿಂದೆ ಯಾರೋ ಕಿಸಕ್ಕೆಂದರು. ನಾಚಿಕೆಯನ್ನು ನುಂಗಿಕೊಂಡು ಅವಳು ಮೆಣಸಿನಕಾಯಿಯಿಂದ ಮೊಸರಿನವರೆಗೆ ಎಲ್ಲ ಹೇಳಿದಳು.

"ಅಷ್ಟು ಚೂರು ಉಪ್ಪು ಏನ್ ಮಾಡತೈತಿ?"

"ಉಪ್ಪಿನಾಗ ಸೋಡಿಯಂ ತನ್ನ ಎಲೆಕ್ಟ್ರಾನು ಕ್ಲೋರಿನ್ನಿಗೆ ಕೊಟ್ಟು ಅಯಾನಾಗಿ ಕುಂತಿರ್ತೈತ್ರಿ. ಉರಿಗೆ ಹಿಡದ್ರ ಚೂರಿದ್ರೂ ಹಳದಿ ತೋರಸ್ತೈತಿ. ಬ್ಯಾರೆ ಬಣ್ಣ ಕಾಣಾಕ ಬಿಡೂದಿಲ್ರಿ."

ಅಂದಾನೆಪ್ಪನವರು ಅವಳ ಕೆಂಪೇರಿದ ಬೆರಳುಗಳನ್ನು ನೋಡಿದರು. "ಬೆಲ್ ಆಗಾಕ ಬಂತು. ಲಗೂ ಮಾಡು."

ಸಾಬೂನು ಹಚ್ಚಿ ಕೈ ತೊಳೆದಳು. ತಂತಿಯ ಉಪ್ಪು ಹೋಗಲೆಂದು ಅದನ್ನು ಆಮ್ಲದಲ್ಲಿ ಅದ್ದಿ ಉರಿಗೆ ಹಿಡಿದಳು. ಹಳದಿ. ಮತ್ತೆ ಅದ್ದಿದಳು. ಇನ್ನೂ ಹಳದಿ. ಪಕ್ಕದ ಮೇಜಿನವರು ಪತ್ರಿಕೆ ಕೊಟ್ಟು ಹೋಗುತ್ತಿದ್ದರು. ಮತ್ತೊಮ್ಮೆ ಅದ್ದಿ ಹಿಡಿದಾಗ ಉರಿಗೆ ಯಾವ ಬಣ್ಣವೂ ಹತ್ತಲಿಲ್ಲ. ಲವಣ ತಾಗಿಸಿ ತಂತಿ ಚಾಚಿದಳು.

ಜ್ವಾಲೆ ಎಳೆ ಮೆಣಸಿನಕಾಯಿಯ ಹಾಗೆ ಹಸಿರಾಗಿ ಎದ್ದಿತು.

ಸೋಡಿಯಂ ಹೊಡೆದುಹಾಕಿ, ಬಿಳಿ ಗಸಿಗೂ ಹೊಂದುವ ಬೇರಿಯಂ ಎಂದು ಬರೆಯುವಷ್ಟರಲ್ಲಿ ಬೆಲ್ ಆಯಿತು. ಹಣೆಯ ಬೆವರು ಒರೆಸಿಕೊಳ್ಳಲು ಹೋಗಿ ಕೈ ಕಣ್ಣಿಗೆ ತಾಗಿತು. ಬ್ಯಾಡಗಿಯ ಖಾರ ಸಾಬೂನಿಗೆ ಹೋಗುವಂಥದ್ದಲ್ಲ. ಕಣ್ಣಲ್ಲಿ ದಳದಳ ನೀರು ಇಳಿಯಿತು.

ಅಂದಾನೆಪ್ಪನವರು ಪತ್ರಿಕೆಯ ಮೇಲೆ ಕಣ್ಣಾಡಿಸಿದರು. "ಅಳಬ್ಯಾಡವಾ. ಸರಿ ಐತಿ."

"ಅಳಾಕತ್ತಿಲ್ರಿ ಸರ್. ಖಾರ," ಎಂದು ನಸ್ರೀನ್ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡಳು. ಕಣ್ಣಿನ ಉರಿ ಇಳಿದ ಮೇಲೂ ಅದನ್ನು ತೆಗೆಯಲಿಲ್ಲ.